ವಿನಾಯಿತಿಯ ಹೊಣೆ ನಮ್ಮದು, ಸರ್ಕಾರದ ಕಡತದ ಹೊಣೆ ಯಾರದು? ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಹಣಕಾಸು ಸಚಿವರು,
ಭಾರತ ಸರ್ಕಾರ, ನವದೆಹಲಿ

ವಿಷಯ: ಕೇಂದ್ರ ಅಬಕಾರಿ ಸುಂಕದ ವಿನಾಯಿತಿ ಪ್ರಕರಣಗಳಲ್ಲಿ ಸಾಬೀತಿನ ಹೊಣೆ ಮತ್ತು ಮೇಲ್ಮನವಿ ಹಂತದ ಮಧ್ಯಂತರ ಪರಿಹಾರ ಕುರಿತು.

ಮಾನ್ಯರೇ,

ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವುದು, ತೆರಿಗೆ ನೋಟಿಸುಗಳಿಗೆ ಉತ್ತರ ಸಿದ್ಧಪಡಿಸುವುದು ನನ್ನ ಕಸುಬು. ಶಿರಸಿಯಲ್ಲಿ ನನ್ನ ಕಚೇರಿ ಇದೆ. ಘಟ್ಟದ ಮೇಲಿನ ಸಿದ್ದಾಪುರ, ಯಲ್ಲಾಪುರದವರೂ ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರೂ ತಮ್ಮ ಕಾಗದಪತ್ರಗಳ ಚೀಲ ಹಿಡಿದು ಇಲ್ಲಿಗೆ ಬರುತ್ತಾರೆ. ಆ ಚೀಲಗಳಲ್ಲಿ ಈಗಲೂ ಕೇಂದ್ರ ಅಬಕಾರಿಯ ನೋಟಿಸುಗಳಿವೆ. ಮದ್ಯದ ಮೇಲೆ ರಾಜ್ಯ ವಿಧಿಸುವ ಅಬಕಾರಿಯ ಮಾತು ಇದಲ್ಲ. ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ 1944ರ ಕಾಯ್ದೆಯಡಿ ಕೇಂದ್ರ ವಸೂಲು ಮಾಡುತ್ತಿದ್ದ ಸುಂಕದ ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಬಹುತೇಕ ಎಲ್ಲ ಸರಕುಗಳ ಮೇಲಿನ ಈ ಸುಂಕ ನಿಂತಿತು. ಆದರೆ ಹಳೆಯ ತಕರಾರುಗಳು ನಿಲ್ಲಲಿಲ್ಲ. ಜಿಎಸ್‌ಟಿ ಕಾಯ್ದೆಯ 174ನೇ ಕಲಮು ಅವುಗಳನ್ನು ಜೀವಂತವಾಗಿ ಉಳಿಸಿದೆ. ಸುಂಕ ಹೋಗಿ ಇಷ್ಟು ವರ್ಷವಾದರೂ ಅದರ ವಿನಾಯಿತಿಗಾಗಿ ಜನ ಇಂದಿಗೂ ಸಾಕ್ಷ್ಯ ಒದಗಿಸುತ್ತಿದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿನಾಯಿತಿ ಕೇಳುವವನೇ ತಾನು ಅದಕ್ಕೆ ಅರ್ಹ ಎಂದು ಸಾಬೀತುಪಡಿಸಬೇಕು ಎಂಬ ನಿಯಮದ ಬಗ್ಗೆ ನನಗೆ ತಕರಾರಿಲ್ಲ. 2018ರ ಜುಲೈ 30ರಂದು ದಿಲೀಪ್ ಕುಮಾರ್ ಆ್ಯಂಡ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತವಾಗಿ ಹೇಳಿದೆ. ಆಮದು ಮಾಡಿಕೊಂಡ ವಿಟಮಿನ್ ಪುಡಿಯೊಂದು ಸೀಗಡಿ ಆಹಾರಕ್ಕಿದ್ದ ಸುಂಕ ರಿಯಾಯಿತಿಗೆ ಒಳಪಡುತ್ತದೆಯೇ ಎಂಬ ಪ್ರಶ್ನೆಯಿಂದ ಹುಟ್ಟಿದ ಪ್ರಕರಣ ಅದು. ವಿನಾಯಿತಿ ಅಧಿಸೂಚನೆಯನ್ನು ಬಿಗಿಯಾಗಿಯೇ ಓದಬೇಕು, ಅದರ ಷರತ್ತಿಗೆ ತಾನು ಒಳಪಡುತ್ತೇನೆಂದು ತೋರಿಸುವ ಹೊಣೆ ತೆರಿಗೆದಾರನದು, ಅರ್ಥದಲ್ಲಿ ಸಂದಿಗ್ಧವಿದ್ದರೆ ಅದರ ಲಾಭ ಸರ್ಕಾರಕ್ಕೆ ಎಂದು ಪೀಠ ತೀರ್ಮಾನಿಸಿತು. ಸಂದಿಗ್ಧದ ಲಾಭ ತೆರಿಗೆದಾರನಿಗೆ ಎಂದು ಹೇಳಿದ್ದ 1997ರ ಸನ್ ಎಕ್ಸ್‌ಪೋರ್ಟ್ ತೀರ್ಪನ್ನು ಅದು ತಳ್ಳಿಹಾಕಿತು. ಹರಿಚಂದ್ ಶ್ರೀಗೋಪಾಲ್ ಪ್ರಕರಣದಲ್ಲಿ 2010ರಲ್ಲೇ ಇನ್ನೊಂದು ಸಂವಿಧಾನ ಪೀಠ, ಮುಖ್ಯ ಷರತ್ತನ್ನು ಪಾಲಿಸದೆ ‘ಹೆಚ್ಚುಕಡಿಮೆ ಪಾಲಿಸಿದ್ದೇನೆ’ ಎಂದರೆ ಸಾಲದು ಎಂದಿತ್ತು. ಇದೆಲ್ಲ ನ್ಯಾಯವೇ. ವಿನಾಯಿತಿಯೆಂದರೆ ಎಲ್ಲರೂ ಕೊಡುವುದನ್ನು ಒಬ್ಬನು ಕೊಡದಿರುವುದು. ಕಾರಣವನ್ನು ಅವನೇ ತೋರಿಸಲಿ.

ನನ್ನ ದೂರು ಬೇರೆ. ಈ ತೀರ್ಪುಗಳನ್ನು ಮುಂದಿಟ್ಟುಕೊಂಡು, ತೀರ್ಪು ಹೇಳದ ಇನ್ನೂ ಎರಡು ಹೊರೆಗಳನ್ನು ಕೆಳಹಂತದಲ್ಲಿ ತೆರಿಗೆದಾರನ ತಲೆಗೆ ಕಟ್ಟಲಾಗುತ್ತಿದೆ. ಸರ್ಕಾರದ ಕಡತದಲ್ಲೇ ಇರುವ ಸಂಗತಿಯನ್ನು ಸರ್ಕಾರಕ್ಕೆ ಸಾಬೀತುಪಡಿಸುವ ಹೊರೆ ಒಂದು. ತಾನು ಮೋಸ ಮಾಡಿಲ್ಲ ಎಂದು ತಾನೇ ತೋರಿಸಬೇಕಾದ ಹೊರೆ ಮತ್ತೊಂದು. ಆದೇಶ ತಪ್ಪಿದ್ದರೂ ಮೇಲ್ಮನವಿಯ ಬಾಗಿಲು ತೆರೆಯಲು ಮೊದಲು ಹಣ ಕಟ್ಟಬೇಕು. ಮಧ್ಯಂತರ ಪರಿಹಾರ, ಅಂದರೆ ಅಂತಿಮ ತೀರ್ಪು ಬರುವವರೆಗಿನ ತಾತ್ಕಾಲಿಕ ರಕ್ಷಣೆ, ಕೇಳಲು ಜಾಗವೇ ಉಳಿದಿಲ್ಲ. ನಾನು ಕಾಗದ ಹಿಡಿದು ನೋಡಿದ ಎರಡು ಪ್ರಕರಣಗಳನ್ನು ತಮ್ಮ ಮುಂದಿಡುತ್ತೇನೆ. ಆ ಕುಟುಂಬಗಳ ಪ್ರಕರಣಗಳು ಇನ್ನೂ ಬಾಕಿ ಇರುವುದರಿಂದ ಹೆಸರು, ಊರು, ಕಚೇರಿ ಯಾವುದನ್ನೂ ಹೇಳುವುದಿಲ್ಲ.

ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ ತೆಂಗಿನೆಣ್ಣೆಯಿಂದ ಸ್ನಾನದ ಸಾಬೂನು ಮಾಡುವ ಘಟಕವಿದೆ. ಮನೆಯ ಹಿಂದಿನ ಜಾಗದಲ್ಲಿ ಶೆಡ್ಡು, ಒಂದು ಮಿಶ್ರಣ ಯಂತ್ರ, ಸಾಬೂನು ಕತ್ತರಿಸುವ ತಂತಿಯ ಚೌಕಟ್ಟು, ಪೊಟ್ಟಣ ಕಟ್ಟಲು ಅಕ್ಕಪಕ್ಕದ ಮನೆಗಳ ಹೆಂಗಸರು. ಒಡತಿಗೆ ಸ್ವಂತದ ಮಾರುಕಟ್ಟೆ ಇರಲಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ತಮ್ಮ ಹೆಸರಿನ ಕಾಗದ ಸುತ್ತಿಸಿ ಸಾಬೂನು ಕೊಂಡೊಯ್ಯುತ್ತಿದ್ದರು. ವರ್ಷದ ವಹಿವಾಟು ಮೂವತ್ತು ಲಕ್ಷದ ಆಸುಪಾಸು.

ಸಣ್ಣ ಘಟಕಗಳಿಗೆ ವಿನಾಯಿತಿ ಕೊಡುವ 2003ರ ಮಾರ್ಚ್ 1ರ 8/2003ನೇ ಅಧಿಸೂಚನೆ ತಮ್ಮ ಇಲಾಖೆಯದೇ. 2007ರಿಂದ ಅದರ ಮಿತಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಇತ್ತು. ಬೇರೆಯವರ ಬ್ರ್ಯಾಂಡ್ ಹಾಕಿ ಮಾಡಿದ ಸರಕಿಗೆ ಈ ವಿನಾಯಿತಿ ಇಲ್ಲ. ಆದರೆ ಆ ನಿರ್ಬಂಧಕ್ಕೂ ಅಪವಾದವಿತ್ತು: ಕಾರ್ಖಾನೆ ಗ್ರಾಮೀಣ ಪ್ರದೇಶದಲ್ಲಿದ್ದರೆ ಬೇರೆಯವರ ಬ್ರ್ಯಾಂಡ್ ಇದ್ದರೂ ವಿನಾಯಿತಿ ಸಿಗುತ್ತಿತ್ತು. ಗ್ರಾಮೀಣ ಪ್ರದೇಶ ಯಾವುದೆಂಬುದನ್ನೂ ಅಧಿಸೂಚನೆಯೇ ಹೇಳಿತ್ತು. ಕಂದಾಯ ದಾಖಲೆಗಳ ಪ್ರಕಾರ ಹಳ್ಳಿಯಾಗಿರಬೇಕು. ಪುರಸಭೆ, ನಗರಸಭೆಯಂಥ ಸಂಸ್ಥೆಗಳ ವ್ಯಾಪ್ತಿಯಲ್ಲಿ ಇರಬಾರದು. ಕೇಂದ್ರವಾಗಲಿ ರಾಜ್ಯವಾಗಲಿ ಅದನ್ನು ನಗರ ಪ್ರದೇಶವೆಂದು ಅಧಿಸೂಚಿಸಿರಬಾರದು. ಹಳ್ಳಿಯಲ್ಲಿ ನಾಲ್ಕು ಕೈಗಳಿಗೆ ಕೆಲಸ ಸಿಗಲಿ ಎಂಬ ಉದ್ದೇಶ ಆ ಸಾಲುಗಳಲ್ಲಿ ಎದ್ದು ಕಾಣುತ್ತದೆ. ಈ ಘಟಕ ಅಂಥ ಉದ್ದೇಶಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

2016ರಲ್ಲಿ ಕಾರಣ ಕೇಳುವ ನೋಟಿಸ್ ಬಂತು. ಐದು ವರ್ಷಗಳ ಸುಂಕ ಹದಿನೆಂಟು ಲಕ್ಷ ರೂಪಾಯಿ, ಅಷ್ಟೇ ಮೊತ್ತದ ದಂಡ, ಮೇಲೆ ಬಡ್ಡಿ. ಉತ್ತರದ ಜೊತೆ ಒಡತಿ ಐದೂ ವರ್ಷಗಳ ಪಹಣಿ ಕೊಟ್ಟರು. ಗ್ರಾಮ ಪಂಚಾಯಿತಿಯ ಪರವಾನಗಿ, ಪಂಚಾಯಿತಿಗೆ ಕಟ್ಟಿದ ತೆರಿಗೆಯ ರಸೀದಿಗಳು, ಗ್ರಾಮ ಲೆಕ್ಕಾಧಿಕಾರಿಯ ಪ್ರಮಾಣಪತ್ರ ಎಲ್ಲವನ್ನೂ ಲಗತ್ತಿಸಿದೆವು. ಪಹಣಿಯ ತಲೆಬರಹದಲ್ಲಿ ತಾಲೂಕು, ಹೋಬಳಿ, ಗ್ರಾಮ ಎಂದು ಅಚ್ಚಾಗಿರುತ್ತದೆ. ಕೆಳಗೆ ಸರ್ವೆ ನಂಬರು, ಹಿಸ್ಸಾ, ಬಾಗಾಯ್ತು ಎಷ್ಟು, ಖರಾಬು ಎಷ್ಟು ಎಂಬ ವಿವರ. ಕಂದಾಯ ದಾಖಲೆಯ ಪ್ರಕಾರ ಹಳ್ಳಿ ಎನ್ನಲು ಇದಕ್ಕಿಂತ ಮೇಲಿನ ಕಾಗದ ಕರ್ನಾಟಕದಲ್ಲಿ ಇಲ್ಲ.

ಆದೇಶ ಬಂದಾಗ ಅದರಲ್ಲಿದ್ದ ಕಾರಣಗಳನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಗ್ರಾಮ ಲೆಕ್ಕಾಧಿಕಾರಿಯ ಪ್ರಮಾಣಪತ್ರ ನೋಟಿಸಿನ ನಂತರದ ದಿನಾಂಕದ್ದು, ಆದ್ದರಿಂದ ಹಿಂದಿನ ವರ್ಷಗಳಿಗೆ ಅದು ಪುರಾವೆಯಾಗದು ಎಂದಿತ್ತು. ಕಾರ್ಖಾನೆಯ ಜಾಗಕ್ಕೆ ಬಿನ್‌ಶೇತ್ಕಿ ಆದೇಶವಾಗಿದೆ, ಕೃಷಿಯೇತರ ಜಮೀನು ಗ್ರಾಮೀಣ ಪ್ರದೇಶವೆನಿಸದು ಎಂದಿತ್ತು. ಪಟ್ಟಣದ ಯೋಜನಾ ಪ್ರದೇಶದ ನಕ್ಷೆಯೊಳಗೆ ಈ ಹಳ್ಳಿಯೂ ಬರುವಂತೆ ಕಾಣುತ್ತದೆ ಎಂದೂ ಸೇರಿಸಿದ್ದರು. ಕೊನೆಗೆ, ಈ ಪ್ರದೇಶವನ್ನು ನಗರವೆಂದು ಯಾವ ಸರ್ಕಾರವೂ ಅಧಿಸೂಚಿಸಿಲ್ಲ ಎಂಬುದನ್ನು ತೆರಿಗೆದಾರರು ಸಾಬೀತುಪಡಿಸಿಲ್ಲ. ಸಾಬೀತಿನ ಹೊಣೆ ಅವರದೇ ಆದ್ದರಿಂದ ವಿನಾಯಿತಿ ತಿರಸ್ಕೃತ ಎಂದು ಮುಗಿಸಿದ್ದರು.

ಮಾನ್ಯರೇ, ಹೊರಡಿಸದ ಅಧಿಸೂಚನೆಯನ್ನು ಯಾರು ತಾನೆ ಎಲ್ಲಿಂದ ತಂದು ತೋರಿಸಬೇಕು? ಅಧಿಸೂಚನೆ ಹೊರಡುವುದು ಸರ್ಕಾರದಿಂದ, ಅಚ್ಚಾಗುವುದು ಸರ್ಕಾರದ ರಾಜ್ಯಪತ್ರದಲ್ಲಿ. ಅಂಥದ್ದೊಂದು ಇದೆಯೆಂದು ಅಧಿಕಾರಿಗೆ ಅನ್ನಿಸಿದ್ದರೆ ಅದರ ಸಂಖ್ಯೆ, ದಿನಾಂಕವನ್ನು ನೋಟಿಸಿನಲ್ಲೇ ಬರೆಯಬಹುದಿತ್ತು. ಒಬ್ಬರಿಗೆ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ಸಾಬೀತುಪಡಿಸುವ ಹೊಣೆ ಅವರದೇ ಎಂದು 1872ರ ಸಾಕ್ಷ್ಯ ಅಧಿನಿಯಮದ 106ನೇ ಕಲಮು ಹೇಳುತ್ತಿತ್ತು. ಹೊಸ ಸಾಕ್ಷ್ಯ ಕಾನೂನಿನಲ್ಲೂ ಆ ತತ್ತ್ವ ಉಳಿದಿದೆ. ತೆಂಗಿನೆಣ್ಣೆ ಎಲ್ಲಿಂದ ಬಂತು, ಸಾಬೂನು ಎಷ್ಟು ಹೋಯಿತು ಎಂಬುದು ಒಡತಿಗೆ ಗೊತ್ತಿರುವ ಸಂಗತಿ. ಆ ಲೆಕ್ಕವನ್ನು ಅವರು ಕೊಟ್ಟಿದ್ದಾರೆ. ಹಳ್ಳಿಯನ್ನು ನಗರವೆಂದು ಘೋಷಿಸಲಾಗಿದೆಯೇ ಎಂಬುದು ಸರ್ಕಾರಕ್ಕೆ ಗೊತ್ತಿರಬೇಕಾದ ಸಂಗತಿ.

ಇನ್ನು ಬಿನ್‌ಶೇತ್ಕಿಯ ಮಾತು. ಹಳ್ಳಿಯ ಹೊಲದಲ್ಲಿ ಶೆಡ್ಡು ಕಟ್ಟಬೇಕಾದರೆ ಜಮೀನನ್ನು ಕೃಷಿಯೇತರಕ್ಕೆ ಪರಿವರ್ತಿಸಿಕೊಳ್ಳಲೇಬೇಕು, ಅದು ಕಾನೂನು. ಪರಿವರ್ತನೆಯಾದ ಮಾತ್ರಕ್ಕೆ ಹಳ್ಳಿ ಪಟ್ಟಣವಾಗುವುದಾದರೆ, ನಿಯಮದಂತೆ ನಡೆದ ಯಾವ ಕಾರ್ಖಾನೆಯೂ ಗ್ರಾಮೀಣ ಪ್ರದೇಶದಲ್ಲಿ ಇರಲು ಸಾಧ್ಯವೇ ಇಲ್ಲ. ಕದ್ದು ಕಟ್ಟಿದವರಿಗೆ ಮಾತ್ರ ವಿನಾಯಿತಿ ಸಿಕ್ಕೀತು. ಯೋಜನಾ ಪ್ರದೇಶದ ನಕ್ಷೆಯೂ ಹಾಗೆಯೇ. ಊರು ಮುಂದೆ ಹೇಗೆ ಬೆಳೆಯಬೇಕೆಂದು ಹಾಕಿಕೊಂಡ ಗೆರೆ ಅದು. ಅದರೊಳಗೆ ಗದ್ದೆಯೂ ಇರುತ್ತದೆ, ಗಜನಿಯೂ ಇರುತ್ತದೆ, ಬೆಟ್ಟವೂ ಇರುತ್ತದೆ. ತಹಶೀಲ್ದಾರರಿಗೆ ಒಂದು ಪತ್ರ ಬರೆದು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಅಬಕಾರಿ ಕಾಯ್ದೆಯ 14ನೇ ಕಲಮು ಸಾಕ್ಷಿಗಳನ್ನೂ ದಾಖಲೆಗಳನ್ನೂ ತರಿಸಿಕೊಳ್ಳುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿದೆ. ನಮ್ಮವರನ್ನು ಕರೆಸಲು ಆ ಕಲಮನ್ನು ಧಾರಾಳವಾಗಿ ಬಳಸುತ್ತಾರೆ. ಸರ್ಕಾರದ್ದೇ ಇನ್ನೊಂದು ಕಚೇರಿಯಿಂದ ಒಂದು ಹಾಳೆ ತರಿಸಲು ಯಾಕೆ ಬಳಸುವುದಿಲ್ಲ?

ಇದೇ ಆದೇಶದಲ್ಲಿ ಇನ್ನೊಂದು ಅನ್ಯಾಯವಿದೆ, ಅದು ನನಗೆ ಮೊದಲನೆಯದಕ್ಕಿಂತ ಹೆಚ್ಚು ನೋವಿನದು. ಸಾಮಾನ್ಯವಾಗಿ ಇಲಾಖೆ ಹಿಂದಿನ ಒಂದು ವರ್ಷದ ಸುಂಕವನ್ನಷ್ಟೇ ಕೇಳಬಹುದಿತ್ತು. 2016ರ ತಿದ್ದುಪಡಿಯ ನಂತರ ಅದು ಎರಡು ವರ್ಷವಾಯಿತು. ಐದು ವರ್ಷ ಹಿಂದೆ ಹೋಗಬೇಕಾದರೆ ವಂಚನೆ, ಸುಳ್ಳು ಹೇಳಿಕೆ, ಬೇಕೆಂದೇ ಮುಚ್ಚಿಟ್ಟದ್ದು ಇಂಥವು ಇರಬೇಕು. ಅದನ್ನು ಆರೋಪಿಸಿದವರೇ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಯೂನಿವರ್ತ್ ಟೆಕ್ಸ್‌ಟೈಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಈ ಆದೇಶದಲ್ಲಿ ಮುಚ್ಚಿಟ್ಟದ್ದಕ್ಕೆ ಕೊಟ್ಟ ಕಾರಣ ಒಂದೇ ವಾಕ್ಯ: ಒಡತಿ ನೋಂದಣಿ ಮಾಡಿಸಿರಲಿಲ್ಲ, ಘೋಷಣೆ ಸಲ್ಲಿಸಿರಲಿಲ್ಲ. ಮೂವತ್ತು ಲಕ್ಷ ವಹಿವಾಟಿನ ಘಟಕ ನೋಂದಣಿ ಮಾಡಿಸಬೇಕಾಗಿಲ್ಲ, ವಹಿವಾಟು ತೊಂಬತ್ತು ಲಕ್ಷ ಮುಟ್ಟುವವರೆಗೆ ಘೋಷಣೆಯನ್ನೂ ಕೊಡಬೇಕಾಗಿಲ್ಲ ಎಂದು ತಮ್ಮ ಇಲಾಖೆಯ ಅಧಿಸೂಚನೆಯೇ ಹೇಳಿತ್ತು. ಕಾನೂನು ಕೇಳದಿದ್ದುದನ್ನು ಕೊಡದಿದ್ದುದೇ ವಂಚನೆಯಾಯಿತು! ವಿನಾಯಿತಿಯನ್ನು ಸಾಬೀತುಪಡಿಸುವ ಹೊಣೆ ತೆರಿಗೆದಾರರದು ಎಂಬ ವಾಕ್ಯವನ್ನೇ ಎಳೆದು ವಂಚನೆಯ ಪ್ಯಾರಾದ ಮೇಲೂ ಹೊದಿಸಿದ್ದರು. ಎರಡೂ ಬೇರೆಬೇರೆ ಪ್ರಶ್ನೆಗಳು, ಎರಡಕ್ಕೂ ಹೊಣೆಗಾರರು ಬೇರೆಬೇರೆ. ಮರ್ಯಾದೆಯಿಂದ ಬದುಕಿದ ಹೆಂಗಸನ್ನು ಮೋಸಗಾರಳೆಂದು ಬರೆಯುವ ಮುನ್ನ ಅಷ್ಟಾದರೂ ಯೋಚಿಸಬೇಕಿತ್ತು.

2019ರಲ್ಲಿ ಹಳೆಯ ತಕರಾರುಗಳ ಇತ್ಯರ್ಥಕ್ಕೆ ‘ಸಬ್‌ಕಾ ವಿಶ್ವಾಸ್’ ಯೋಜನೆ ಬಂತು. ಐವತ್ತು ಲಕ್ಷದೊಳಗಿನ ಬಾಕಿ ಪ್ರಕರಣಗಳಲ್ಲಿ ಸುಂಕದ ಶೇಕಡ 70 ಮನ್ನಾ, ಬಡ್ಡಿ ಮತ್ತು ದಂಡ ಪೂರ್ತಿ ಮನ್ನಾ. ಕಟ್ಟಿ ಮುಗಿಸಿಬಿಡಿ ಎಂದು ಹಿತೈಷಿಗಳು ಹೇಳಿದರು. ಒಡತಿ ಒಪ್ಪಲಿಲ್ಲ. “ಪಹಣಿಯಲ್ಲಿ ಹಳ್ಳಿ ಎಂದು ಸರ್ಕಾರವೇ ಬರೆದಿದೆ. ಐದು ಲಕ್ಷ ಕೊಟ್ಟು ಅದು ಸುಳ್ಳು ಎಂದು ನಾನು ಒಪ್ಪಿಕೊಳ್ಳಬೇಕೇ?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮಲ್ಲಿದ್ದರೆ ತಿಳಿಸಬೇಕು.

ಎರಡನೆಯದು ಕಾರವಾರ ತಾಲೂಕಿನ ಕಾಳಿ ನದಿಯ ಬದಿಯ ಲೇತ್ ಶೆಡ್ಡು. ದೊಡ್ಡ ಕಾರ್ಖಾನೆಯೊಂದು ಕೊಟ್ಟ ಕಬ್ಬಿಣವನ್ನು ಕೊರೆದು, ತಿರುವಿ, ಬಿಡಿಭಾಗ ಮಾಡಿ ವಾಪಸು ಕಳಿಸುವುದು ಅಲ್ಲಿಯ ಕೆಲಸ. ಇಂಥ ಜಾಬ್ ವರ್ಕಿಗೆ 1986ರ 214ನೇ ಅಧಿಸೂಚನೆಯಡಿ ವಿನಾಯಿತಿ ಇತ್ತು. ಷರತ್ತು ಏನೆಂದರೆ, ಕಚ್ಚಾವಸ್ತು ಕೊಟ್ಟ ಕಾರ್ಖಾನೆ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಯಾರಿಗೆ? ಜಾಬ್ ವರ್ಕ್ ಮಾಡುವವನ ವ್ಯಾಪ್ತಿಯ ಅಬಕಾರಿ ಅಧಿಕಾರಿಗೇ. ಅಂದರೆ ಆ ಕಾಗದ ಹುಟ್ಟುವುದು ಒಂದು ಕಾರ್ಖಾನೆಯಲ್ಲಿ, ಸೇರುವುದು ಇಲಾಖೆಯ ಕಡತಕ್ಕೆ. ಲೇತ್ ಶೆಡ್ಡಿನವರ ಕೈಯಲ್ಲಿ ಹೆಚ್ಚೆಂದರೆ ಅದರ ಒಂದು ನಕಲು ಇರಬಹುದು.

ಇವರಿಗೂ ವಿನಾಯಿತಿ ನಿರಾಕರಿಸಿದ್ದರು. ಪ್ರಕರಣ ಮೇಲೆ ಹೋಗಿ ಮರುವಿಚಾರಣೆಗೆಂದು ಕೆಳಗೆ ಬರುವಷ್ಟರಲ್ಲಿ 2019ರ ಆಗಸ್ಟ್ ಆಗಿತ್ತು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿಯ ದಂಡೆಯ ಊರುಗಳು ಮುಳುಗಿದ್ದನ್ನು ಆ ವರ್ಷ ಇಡೀ ರಾಜ್ಯ ನೋಡಿದೆ. ಶೆಡ್ಡಿನೊಳಗೆ ನೀರು ನುಗ್ಗಿ ಚಲನ್‌ಗಳ ಕಟ್ಟು, ಸರಕು ಸಾಗಣೆಯ ಪುಸ್ತಕ, ಆ ಮುಚ್ಚಳಿಕೆಯ ನಕಲು ಎಲ್ಲ ಕೆಸರಾದವು. ಅವರು ನನ್ನ ಬಳಿ ತಂದದ್ದು ಒಣಗಿಸಿದ ಮೇಲೂ ಬಿಡಿಸಲು ಬಾರದ ಒಂದು ಕಾಗದದ ಇಟ್ಟಿಗೆ. ಅಂಚಿನಲ್ಲಿ ಕಾರ್ಬನ್ನಿನ ನೀಲಿ ಹರಡಿತ್ತು, ಒಂದೇ ಒಂದು ಅಂಕೆಯೂ ಓದಲು ಸಿಗುತ್ತಿರಲಿಲ್ಲ. ಮುಚ್ಚಳಿಕೆಯ ಪ್ರತಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಕಚೇರಿಗಳ ಪುನರ್‌ರಚನೆಯ ನಂತರ ಆ ಕಡತ ಲಭ್ಯವಿಲ್ಲ ಎಂಬ ಉತ್ತರ ಬಂತು. ವಿಚಾರಣೆಯಲ್ಲಿ ಆ ಉತ್ತರವನ್ನೇ ಹಾಜರುಪಡಿಸಿದೆವು. ಮುಚ್ಚಳಿಕೆ ತೋರಿಸುವ ಹೊಣೆ ಜಾಬ್ ವರ್ಕ್ ಮಾಡಿದವರದೇ ಎಂದು ಹೇಳಿ ವಿನಾಯಿತಿಯನ್ನು ಮತ್ತೆ ತಿರಸ್ಕರಿಸಿದರು.

ಮೂಲ ದಾಖಲೆ ನಾಶವಾಗಿದ್ದರೆ ಅದರ ಬದಲು ಬೇರೆ ಸಾಕ್ಷ್ಯ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಕಚ್ಚಾವಸ್ತು ಕೊಟ್ಟ ಕಾರ್ಖಾನೆಯ ಲೆಕ್ಕಪುಸ್ತಕ ಇತ್ತು, ಬ್ಯಾಂಕಿನ ವಿವರ ಇತ್ತು, ಬಿಡಿಭಾಗಗಳು ಅದೇ ಕಾರ್ಖಾನೆಗೆ ಮರಳಿದ್ದಕ್ಕೆ ಗೇಟಿನ ದಾಖಲೆ ಇತ್ತು. ಇಲಾಖೆಯ ಕಪಾಟಿನಲ್ಲಿ ಕಳೆದುಹೋದ ಕಾಗದಕ್ಕೆ ಪ್ರವಾಹದಲ್ಲಿ ಎಲ್ಲ ಕಳೆದುಕೊಂಡ ಮನುಷ್ಯ ದಂಡ ಕಟ್ಟಬೇಕು ಎನ್ನುವುದು ಯಾವ ಲೆಕ್ಕದಲ್ಲೂ ಸರಿಹೊಂದುವುದಿಲ್ಲ.

ನಮ್ಮದೇ ಕರಾವಳಿಯಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿಸಿ ಮೂರು ದಶಕಗಳ ಮೇಲಾಯಿತು. 1991ರ ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ ತೀರ್ಪು ಅದು. ಹೊಸ ಉದ್ಯಮಗಳಿಗೆ ಕರ್ನಾಟಕ ಸರ್ಕಾರ ಕೊಟ್ಟಿದ್ದ ಮಾರಾಟ ತೆರಿಗೆ ರಿಯಾಯಿತಿಯನ್ನು ಹೊಂದಿಸಿಕೊಳ್ಳಲು ಮುಂಚಿತ ಅನುಮತಿ ಬೇಕಿತ್ತು. ಕಂಪನಿ ಅರ್ಜಿ ಹಾಕಿತ್ತು. ಅನುಮತಿ ಕೊಡದೆ ಉಳಿಸಿಕೊಂಡ ಇಲಾಖೆಯೇ ಆಮೇಲೆ ಅನುಮತಿ ಇಲ್ಲವೆಂದು ತೆರಿಗೆ ಕೇಳಿತು. ಷರತ್ತುಗಳಲ್ಲಿ ನೀತಿಯ ತಿರುಳಿಗೆ ಸೇರಿದವು ಕೆಲವು, ಬರೀ ಕಾರ್ಯವಿಧಾನಕ್ಕೆ ಸೇರಿದವು ಕೆಲವು; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ಕೋರ್ಟ್ ಹೇಳಿ ಕಂಪನಿಯ ಪರ ನಿಂತಿತು. ಇಲಾಖೆಯ ಲೋಪದ ಫಲವನ್ನು ತೆರಿಗೆದಾರ ಉಣ್ಣಬೇಕಾಗಿಲ್ಲ ಎಂಬುದು ನಾನು ಆ ತೀರ್ಪಿನಿಂದ ತಿಳಿದುಕೊಂಡ ಮಾತು. 2018ರ ತೀರ್ಪು ಅಧಿಸೂಚನೆಯ ಅರ್ಥವನ್ನು ಬಿಗಿಯಾಗಿ ಓದಬೇಕೆಂದಿತು. ಕಣ್ಣೆದುರಿನ ಪುರಾವೆಯನ್ನು ನೋಡಬೇಡಿ ಎಂದು ಅದು ಎಲ್ಲಿಯೂ ಹೇಳಿಲ್ಲ.

ಈಗ ಮಧ್ಯಂತರ ಪರಿಹಾರದ ಮಾತಿಗೆ ಬರುತ್ತೇನೆ. ಇಲ್ಲಿಯೂ ಸರ್ಕಾರದ ಆತಂಕ ನನಗೆ ಅರ್ಥವಾಗುತ್ತದೆ. ಟೈರು ತಯಾರಿಸುವ ಡನ್‌ಲಪ್ ಕಂಪನಿ ಅಬಕಾರಿ ವಿನಾಯಿತಿ ತನಗೂ ಸಿಗಬೇಕೆಂದು ಹೈಕೋರ್ಟಿಗೆ ಹೋಗಿ, ಬ್ಯಾಂಕ್ ಗ್ಯಾರಂಟಿ ಕೊಟ್ಟು ಮಧ್ಯಂತರ ಆದೇಶ ಪಡೆದಿತ್ತು. 1984ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರಗಳು ಬ್ಯಾಂಕ್ ಗ್ಯಾರಂಟಿಗಳ ಮೇಲೆ ನಡೆಯುವುದಿಲ್ಲ, ಮೇಲ್ನೋಟಕ್ಕೆ ಪ್ರಕರಣ ಇದೆ ಎಂದಷ್ಟಕ್ಕೇ ತೆರಿಗೆ ವಸೂಲಿಗೆ ತಡೆ ಕೊಡಬಾರದು, ಯಾರಿಗೆ ಎಷ್ಟು ತೊಂದರೆ, ಸರಿಪಡಿಸಲಾಗದ ಹಾನಿ ಯಾರಿಗೆ, ಸಾರ್ವಜನಿಕ ಹಿತ ಯಾವ ಕಡೆಗಿದೆ ಎಂಬುದನ್ನೂ ನೋಡಬೇಕು ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಕೋಟಿಗಟ್ಟಲೆ ಸುಂಕವನ್ನು ತಡೆಯಾಜ್ಞೆಯ ನೆರಳಿನಲ್ಲಿ ವರ್ಷಾನುಗಟ್ಟಲೆ ಇಟ್ಟುಕೊಳ್ಳುತ್ತಿದ್ದ ಕಂಪನಿಗಳಿಗೆ ಆ ಮಾತು ಬೇಕೇ ಇತ್ತು. ಆದರೆ ಅದೇ ತೀರ್ಪು ಒಂದು ಕಿಟಕಿಯನ್ನೂ ತೆರೆದಿಟ್ಟಿದೆ. ಪರಿಹಾರ ನಿರಾಕರಿಸಿದರೆ ವ್ಯಕ್ತಿಗೆ ಸರಿಪಡಿಸಲಾಗದ ಗಂಭೀರ ಹಾನಿಯಾಗುವಂತಿದ್ದರೆ, ಆಡಳಿತ ನಿಷ್ಪಕ್ಷಪಾತಿ ಎಂಬ ಪ್ರಜೆಯ ನಂಬಿಕೆಯೇ ಅಲುಗುವಂತಿದ್ದರೆ ಮಧ್ಯಂತರ ಆದೇಶ ಕೊಡಬಹುದು ಎಂದು ಅದರಲ್ಲಿದೆ. ದೊಡ್ಡವರನ್ನು ತಡೆಯಲು ಈ ತೀರ್ಪನ್ನು ಉದ್ಧರಿಸುವವರು ಸಣ್ಣವರಿಗಾಗಿ ಬರೆದ ಈ ಭಾಗವನ್ನು ಓದುವುದನ್ನು ನಾನು ಕೇಳಿಲ್ಲ.

2014ರ ಆಗಸ್ಟ್ 6ರವರೆಗೆ ಅಬಕಾರಿ ಕಾಯ್ದೆಯ 35-ಎಫ್ ಕಲಮಿನಲ್ಲಿ, ಪೂರ್ತಿ ಸುಂಕ ಕಟ್ಟಿಯೇ ಮೇಲ್ಮನವಿಗೆ ಬರಬೇಕು, ಆದರೆ ಅದರಿಂದ ಅತಿಯಾದ ಸಂಕಷ್ಟವಾಗುವುದಾದರೆ ಠೇವಣಿಯನ್ನು ಮನ್ನಾ ಮಾಡಬಹುದು ಎಂದಿತ್ತು. ಅಂದಿನಿಂದ ಆ ವಿವೇಚನೆಯನ್ನು ತೆಗೆದುಹಾಕಿ ಮೊದಲ ಮೇಲ್ಮನವಿಗೆ ಸುಂಕದ ಶೇಕಡ 7.5, ಎರಡನೆಯದಕ್ಕೆ ಶೇಕಡ 10 ಎಂದು ಕಡ್ಡಾಯ ಮಾಡಲಾಯಿತು. ಇದರಿಂದ ಒಳಿತೂ ಆಗಿದೆ, ನಾನು ಅಲ್ಲಗಳೆಯುವುದಿಲ್ಲ. ತಡೆಯಾಜ್ಞೆ ಅರ್ಜಿಗಳಿಗಾಗಿಯೇ ಬೆಂಗಳೂರಿಗೆ ಅಲೆಯುವುದು ತಪ್ಪಿತು. ಠೇವಣಿ ಕಟ್ಟಿದರೆ ಉಳಿದ ಮೊತ್ತಕ್ಕೆ ಬಲವಂತದ ವಸೂಲಿ ಇಲ್ಲ ಎಂದು 2014ರ ಸೆಪ್ಟೆಂಬರಿನ ಸುತ್ತೋಲೆ ಭರವಸೆ ಕೊಟ್ಟಿತು. ಆದರೆ ಮೇಲ್ನೋಟಕ್ಕೇ ತಪ್ಪಾದ ಆದೇಶಕ್ಕೂ, ಸರಿಯಾದ ಆದೇಶಕ್ಕೂ ಠೇವಣಿ ಒಂದೇ ಆಯಿತು. ಪಹಣಿ ಕೊಟ್ಟವನಿಗೂ ಏನೂ ಕೊಡದವನಿಗೂ ಅಷ್ಟೇ.

ಸಾಬೂನಿನ ಒಡತಿ ಕಟ್ಟಬೇಕಾದದ್ದು 1,35,000 ರೂಪಾಯಿ. ದೆಹಲಿಯಿಂದ ನೋಡಿದರೆ ಅದು ದೊಡ್ಡ ಮೊತ್ತವಲ್ಲ. ಮಳೆಗಾಲಕ್ಕೆ ಮುಂಚೆ ಎಣ್ಣೆ ಕೊಂಡು ಇಡಬೇಕಾದ ಘಟಕಕ್ಕೆ ಅದು ಆ ಹಂಗಾಮಿನ ಬಂಡವಾಳವೇ. ಬ್ಯಾಂಕಿನವರು ತಕರಾರಿನ ನೋಟಿಸ್ ನೋಡಿ ಸಾಲದ ಮಿತಿ ಹೆಚ್ಚಿಸಲು ಒಪ್ಪಲಿಲ್ಲ. ಅವರು ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು ಹಣ ತಂದರು. ಅಡವಿನ ರಸೀದಿಯನ್ನೂ ಠೇವಣಿಯ ಚಲನನ್ನೂ ಒಂದೇ ಪಿನ್ನಿನಲ್ಲಿ ಸೇರಿಸಿ ನನ್ನ ಮೇಜಿನ ಮೇಲಿಟ್ಟರು. ಎರಡೂ ಕಾಗದಗಳಲ್ಲಿ ಒಂದೇ ದಿನಾಂಕವಿತ್ತು. ಗೆದ್ದರೆ ಠೇವಣಿ ಬಡ್ಡಿ ಸಹಿತ ವಾಪಸು ಬರುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆ ಬಡ್ಡಿ ವರ್ಷಕ್ಕೆ ಶೇಕಡ 6. ಸುಂಕ ತಡವಾಗಿ ಕಟ್ಟಿದವರಿಂದ ಇಲಾಖೆ ವಸೂಲು ಮಾಡುತ್ತಿದ್ದ ಬಡ್ಡಿ 2016ರ ಏಪ್ರಿಲ್‌ನಿಂದ ಶೇಕಡ 15, ಅದಕ್ಕೂ ಮೊದಲು ಇನ್ನೂ ಹೆಚ್ಚು. ಬಂಗಾರದ ಸಾಲದ ಬಡ್ಡಿಯನ್ನು ಕಟ್ಟುವವರು ಅವರೇ.

ಹೈಕೋರ್ಟಿಗೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಧಾರವಾಡದಲ್ಲಿ ಪೀಠ ಬಂದದ್ದು ನಮ್ಮ ಜಿಲ್ಲೆಗೆ ದೊಡ್ಡ ಉಪಕಾರ. ಆದರೆ ಕಾಯ್ದೆಯಲ್ಲೇ ಮೇಲ್ಮನವಿ ಇರುವಾಗ ರಿಟ್ ಅರ್ಜಿಯನ್ನು ಕೋರ್ಟ್ ಅಪರೂಪಕ್ಕೆ ಮಾತ್ರ ಕೈಗೆತ್ತಿಕೊಳ್ಳುತ್ತದೆ. ವಕೀಲರ ಶುಲ್ಕ, ಓಡಾಟ ಸೇರಿದರೆ ಠೇವಣಿಗಿಂತ ಖರ್ಚೇ ಹೆಚ್ಚು.

ವಿನಾಯಿತಿಯ ದುರುಪಯೋಗ ಇಲ್ಲವೆಂದು ನಾನು ಹೇಳುವುದಿಲ್ಲ. ಪೇಟೆಯ ದೊಡ್ಡ ವ್ಯಾಪಾರಿ ಹಳ್ಳಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿ, ಬೇರೆಡೆ ತಯಾರಾದ ಸರಕಿಗೆ ಅಲ್ಲಿನ ಬಿಲ್ಲು ಹರಿದರೆ ಅವನನ್ನು ಹಿಡಿಯಲೇಬೇಕು. ಅವನಿಂದಾಗಿಯೇ ಪ್ರಾಮಾಣಿಕರ ಮೇಲೂ ಅನುಮಾನ ಬೀಳುತ್ತದೆ. ಅಂಥವನನ್ನು ಹಿಡಿಯಲು ಅಧಿಕಾರಿ ಶೆಡ್ಡಿಗೆ ಬಂದು ಯಂತ್ರ, ವಿದ್ಯುತ್ ಬಿಲ್, ಎಣ್ಣೆಯ ಖರೀದಿ ನೋಡಬೇಕು. ಕುಮಟಾದ ಆ ಶೆಡ್ಡಿಗೆ ಆದೇಶ ಬರೆದವರು ಯಾರೂ ಕಾಲಿಟ್ಟಿರಲಿಲ್ಲ.

ನನ್ನ ಜಿಲ್ಲೆಯ ಉದ್ಯಮಿಗಳಿಗೂ ಇಲ್ಲೇ ಒಂದು ವಿನಂತಿ. ಸಾಬೀತಿನ ಹೊಣೆ ನಿಮ್ಮದು ಎಂಬುದು ಇನ್ನು ಬದಲಾಗದ ಕಾನೂನು. ವಿನಾಯಿತಿ ಪಡೆಯುವ ವರ್ಷದಲ್ಲೇ ಅದರ ಷರತ್ತಿನ ಒಂದೊಂದು ಸಾಲಿಗೂ ಒಂದೊಂದು ಕಾಗದ ತೆಗೆದಿಡಿ. ಕಚೇರಿಗೆ ಕೊಟ್ಟ ಪ್ರತಿ ಅರ್ಜಿಯ ಮೇಲೂ ಸ್ವೀಕೃತಿಯ ಮೊಹರು ಹಾಕಿಸಿ. ಎಲ್ಲದರ ಪ್ರತಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಊರ ಹೊರಗಿನ ನೆಂಟರಿಗೂ ಕಳಿಸಿಡಿ. ನಮ್ಮದು ನೆರೆ ಬರುವ ನಾಡು.

ಮಾನ್ಯರೇ, ನಾನು ತಮ್ಮಲ್ಲಿ ಕೇಳುವುದು ಹೆಚ್ಚೇನಿಲ್ಲ. ವಿನಾಯಿತಿಯ ಷರತ್ತು ಸರ್ಕಾರಿ ದಾಖಲೆಯಲ್ಲಿರುವ ಸಂಗತಿಗೆ ಸಂಬಂಧಿಸಿದ್ದರೆ, ತೆರಿಗೆದಾರರು ಒಂದು ಸರ್ಕಾರಿ ಕಾಗದ ಹಾಜರುಪಡಿಸಿದ ಮೇಲೆ ಅದನ್ನು ಅಲ್ಲಗಳೆಯುವ ದಾಖಲೆ ತರುವ ಹೊಣೆ ಇಲಾಖೆಯದು ಎಂದು ಎಲ್ಲ ಅಧಿಕಾರಿಗಳಿಗೆ ಸೂಚನೆ ಹೊರಡಿಸಬೇಕು. ತಹಶೀಲ್ದಾರರಿಗೋ ಪಂಚಾಯಿತಿಗೋ ಬರೆದು ಕೇಳದೆ ಅಂಥ ಕಾಗದವನ್ನು ತಿರಸ್ಕರಿಸಬಾರದು. ಇಲಾಖೆಗೆ ಸಲ್ಲಿಸಿದ ಕಾಗದ ಇಲಾಖೆಯಲ್ಲೇ ಕಳೆದಿದ್ದರೆ ಅದು ಸಲ್ಲಿಕೆಯಾಗಿತ್ತೆಂದೇ ಭಾವಿಸಿ ಉಳಿದ ಸಾಕ್ಷ್ಯ ನೋಡಬೇಕು. ಪ್ರವಾಹದಲ್ಲಿ ದಾಖಲೆ ಕಳೆದುಕೊಂಡವರಿಗೆ ತಹಶೀಲ್ದಾರರ ಹಾನಿ ವರದಿಯೇ ಸಾಕಾಗಬೇಕು. ನೋಟಿಸಿನಲ್ಲೂ ಆದೇಶದಲ್ಲೂ ವಿನಾಯಿತಿಯ ಪ್ರಶ್ನೆಯನ್ನು ಒಂದು ಕಡೆ, ವಂಚನೆಯ ಆರೋಪವನ್ನು ಇನ್ನೊಂದು ಕಡೆ ಬರೆದು, ಎರಡನೆಯದಕ್ಕೆ ಇಲಾಖೆಯ ಬಳಿ ಇರುವ ಪುರಾವೆ ಯಾವುದೆಂದು ಹೇಳಲೇಬೇಕು. ಅದಿಲ್ಲದೆ ಐದು ವರ್ಷ ಹಿಂದಕ್ಕೆ ಹೋಗಬಾರದು.

ಠೇವಣಿಯ ವಿಚಾರಕ್ಕೆ ಸಂಸತ್ತೇ ತಿದ್ದುಪಡಿ ತರಬೇಕು, ಅದು ನನಗೆ ತಿಳಿದಿದೆ. ಜಿಎಸ್‌ಟಿಯ ಎರಡನೇ ಮೇಲ್ಮನವಿಯ ಠೇವಣಿಯನ್ನು 2024ರಲ್ಲಿ ಶೇಕಡ 20ರಿಂದ 10ಕ್ಕೆ ಇಳಿಸಿದಾಗ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದು ಗೊತ್ತಾಯಿತು. ಸಣ್ಣ ಮೊತ್ತದ ಪ್ರಕರಣಗಳಲ್ಲಿ, ಷರತ್ತು ಪೂರೈಸಿದ್ದಕ್ಕೆ ಸರ್ಕಾರಿ ದಾಖಲೆ ಇರುವಾಗ, ಠೇವಣಿಯನ್ನು ಕಡಿಮೆ ಮಾಡುವ ಅಥವಾ ಮನ್ನಾ ಮಾಡುವ ವಿವೇಚನೆಯನ್ನು ಮೇಲ್ಮನವಿ ಪ್ರಾಧಿಕಾರಕ್ಕೆ ಮತ್ತೆ ಕೊಡಿ. ಅಬಕಾರಿಯ 35-ಎಫ್‌ಗೂ, ಇಂದಿನ ಜಿಎಸ್‌ಟಿ ಕಾಯ್ದೆಯ 107ನೇ ಕಲಮಿಗೂ ಇದು ಅನ್ವಯವಾಗಲಿ. ದುರುಪಯೋಗವಾದೀತು ಎನಿಸಿದರೆ ಮೊತ್ತಕ್ಕೆ ಮಿತಿ ಹಾಕಿ, ಅರ್ಜಿ ತೀರ್ಮಾನಕ್ಕೆ ಗಡುವು ಹಾಕಿ. ಗೆದ್ದವರ ಠೇವಣಿಯನ್ನು ಪತ್ರ ಬಂದ ಹದಿನೈದು ದಿನದೊಳಗೆ ಹಿಂದಿರುಗಿಸಬೇಕೆಂದು 2014ರ ಸುತ್ತೋಲೆ ಹೇಳುತ್ತದೆ. ಅದು ಎಷ್ಟು ಪ್ರಕರಣಗಳಲ್ಲಿ ಪಾಲನೆಯಾಗಿದೆ ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ಮರಳಿಸುವ ಬಡ್ಡಿಯೂ ವಸೂಲಿಯ ಬಡ್ಡಿಯೂ ಒಂದೇ ದರದಲ್ಲಿರಬೇಕು.

ಮೇಲೆ ಹೇಳಿದ ಎರಡೂ ಪ್ರಕರಣಗಳ ಕಾಗದಪತ್ರಗಳನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ತಾವು ನೇಮಿಸುವ ಯಾವುದೇ ಅಧಿಕಾರಿಗೆ ತೋರಿಸಲು ಸಿದ್ಧನಿದ್ದೇನೆ. ಅವರು ಶಿರಸಿಗೆ ಬಂದರೆ ಕುಮಟಾದ ಆ ಶೆಡ್ಡಿಗೂ ಕರೆದುಕೊಂಡು ಹೋಗುತ್ತೇನೆ. ಅದು ಹಳ್ಳಿಯೋ ಪಟ್ಟಣವೋ ಎಂಬುದನ್ನು ಅವರೇ ಕಣ್ಣಾರೆ ನೋಡಿ ವರದಿ ಬರೆಯಲಿ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಸಣ್ಣ ಉದ್ಯಮಗಳ ಲೆಕ್ಕಪತ್ರ ಸಲಹೆಗಾರ,
ಶಿರಸಿ, ಉತ್ತರ ಕನ್ನಡ ಜಿಲ್ಲೆ